ಬಾಬಿನ್ ಲೇಸ್: ತಪ್ಪು ಕಾಣುವುದು ಒಂದು ಕಡೆ, ಆಗಿರುವುದು ಇನ್ನೊಂದು ಕಡೆ

ದಾರ ಸುತ್ತಿದ ಪುಟ್ಟ ಕಡ್ಡಿಗಳನ್ನು, ಅಂದರೆ ಬಾಬಿನ್‌ಗಳನ್ನು, ದಿಂಬಿನ ಮೇಲೆ ಆಡಿಸಿ ಹೆಣೆಯುವುದೇ ಬಾಬಿನ್ ಲೇಸ್. ಅದನ್ನು ಕಲಿಯುವವರು ಜಾಸ್ತಿ ಕೇಳುವ ಪ್ರಶ್ನೆ ಒಂದೇ: ‘ಇಲ್ಲಿ ಏನೋ ತಪ್ಪಾಗಿದೆ, ಹೇಗೆ ಸರಿ ಮಾಡಲಿ?’ ಅವರು ಬೆರಳಿಟ್ಟು ತೋರಿಸುವ ಜಾಗದಲ್ಲಿ ಸಾಮಾನ್ಯವಾಗಿ ತಪ್ಪು ಇರುವುದಿಲ್ಲ. ಅದು ಎರಡು ಮೂರು ಸಾಲು ಮೇಲೆ ಎಲ್ಲೋ ಆಗಿ, ಕೆಳಗೆ ಬಂದು ಮುಖ ತೋರಿಸಿರುತ್ತದೆ. ಕಂಡಲ್ಲೇ ಸರಿಪಡಿಸಲು ಹೋದರೆ ಒಂದು ತಪ್ಪು ಎರಡಾಗುತ್ತದೆ.

ಈ ಬರಹ ಟಾರ್ಶಾನ್ ಲೇಸ್ ಬಗ್ಗೆ. ಯುರೋಪಿನ ಬಹಳಷ್ಟು ಕಡೆ ಹೊಸಬರು ಇದರಿಂದಲೇ ಶುರು ಮಾಡುತ್ತಾರೆ. ಗ್ರಾಫ್ ಕಾಗದದ ಮೇಲೆ ಚುಕ್ಕಿ ಇಟ್ಟು, ಆ ಚುಕ್ಕಿಗೆ ಪಿನ್ನು ಚುಚ್ಚಿ, ಜೋಡಿ ಜೋಡಿ ಬಾಬಿನ್ ಹಿಡಿದು ಹೆಣೆಯುವ ಲೇಸ್ ಇದು. ದಕ್ಷಿಣ ಭಾರತಕ್ಕೂ ದಿಂಬಿನ ಮೇಲಿನ ಲೇಸ್ ಹೊಸದಲ್ಲ. ಲಂಡನ್ ಮಿಷನರಿ ಸೊಸೈಟಿಯ ಚಾರ್ಲ್ಸ್ ಮಾಲ್ಟ್ ಅವರ ಹೆಂಡತಿ ಮಾರ್ಥಾ ಮಾಲ್ಟ್ 19ನೇ ಶತಮಾನದ ಮೊದಲ ಭಾಗದಲ್ಲೇ ನಾಗರಕೋಯಿಲ್‌ನಲ್ಲಿ ಹುಡುಗಿಯರಿಗೆ ಇದನ್ನು ಕಲಿಸಿದ್ದರು. ಕನ್ನಡದಲ್ಲಿ ಮಾತ್ರ ಇದರ ಬಗ್ಗೆ ಓದಲು ಸಿಗುವುದು ಕಡಿಮೆ. ಹಾಗಾಗಿ ಕೆಲವು ಹೆಸರುಗಳನ್ನು ಇಂಗ್ಲಿಷಿನಲ್ಲಿ ಇದ್ದ ಹಾಗೇ ಬಳಸುತ್ತೇನೆ. ಕೆಲವಕ್ಕೆ ನಮ್ಮ ಮಾತೇ ಸಾಕು.

ಮೊದಲು ಕೈ ತೆಗೆಯಿರಿ

ಅನುಮಾನ ಬಂದ ಕೂಡಲೇ ಬಾಬಿನ್ ಕೆಳಗಿಡಿ. ದಾರ ಎಳೆಯಬೇಡಿ, ಪಿನ್ನು ಕೀಳಬೇಡಿ. ಕೈಯಲ್ಲಿದ್ದ ಎರಡು ಜೋಡಿಯನ್ನು ಪಕ್ಕಕ್ಕೆ ಸರಿಸಿ, ನಡುವೆ ಒಂದು ಉದ್ದ ಪಿನ್ನು ನಿಲ್ಲಿಸಿ. ಎಲ್ಲಿ ನಿಲ್ಲಿಸಿದಿರಿ ಎಂಬುದಕ್ಕೆ ಅದೇ ಗುರುತು.

ಆಮೇಲೆ ಬಾಬಿನ್‌ಗಳನ್ನು ಒಂದೊಂದಾಗಿ ಬೀಸಣಿಗೆ ಬಿಚ್ಚಿದ ಹಾಗೆ ಹರಡಿ. ‘ತಪ್ಪು’ ಅನಿಸಿದ್ದರಲ್ಲಿ ಎಷ್ಟೋ ಸಲ ತಪ್ಪೇ ಇರುವುದಿಲ್ಲ. ಎರಡು ಬಾಬಿನ್ ಒಂದರ ಮೇಲೊಂದು ಹತ್ತಿರುತ್ತವೆ, ಅಥವಾ ಬಾಬಿನ್ ತುದಿಯ ಮಣಿಸರಕ್ಕೆ ಪಕ್ಕದ ದಾರ ಸಿಕ್ಕಿರುತ್ತದೆ. ಸುಮ್ನೆ ಬಿಡಿಸಿದರೆ ಎಲ್ಲ ಸರಿ. ಬಿಡಿಸಿದ ಮೇಲೂ ದಾರಗಳು ಲೇಸಿನ ಹತ್ತಿರವೇ ಅಡ್ಡಾದಿಡ್ಡಿ ಇದ್ದರೆ ಆಗ ನಿಜವಾಗಿ ಹುಡುಕಬೇಕು.

ಹುಡುಕಬೇಕಾದ್ದು ತಪ್ಪನ್ನಲ್ಲ, ಕೊನೆಯದಾಗಿ ಸರಿ ಇರುವ ಪಿನ್ನನ್ನು. ಖಂಡಿತ ಸರಿ ಇರುವ ಮೇಲಿನ ಜಾಗದಿಂದ ಒಂದೊಂದೇ ಪಿನ್ನು ಕೆಳಗೆ ಬನ್ನಿ. ಎಲ್ಲಿ ಅನುಮಾನ ಬರುತ್ತದೋ ಅದರ ಹಿಂದಿನ ಪಿನ್ನೇ ನಿಮಗೆ ಬೇಕಾದ್ದು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಬಹಳ ಅನುಕೂಲ. ಲೇಸಿನ ಅಡಿಗೆ ಇರುವ ಚುಕ್ಕಿ ಗುರುತಿನ ಮಾದರಿ ಕಾರ್ಡ್ ಬಿಳಿ ಇದ್ದರೆ ಅದರ ಮೇಲೆ ಬಿಳಿ ದಾರ ಕಾಣದು. ಹೊಸ ಕಾರ್ಡ್ ಮಾಡುವಾಗ ನೀಲಿ ಅಥವಾ ಹಸಿರು ಅಂಟುಹಾಳೆ ಹಚ್ಚಿಕೊಳ್ಳಿ. ಕಣ್ಣಿಗೂ ಆರಾಮ.

ಇರುವುದು ಎರಡೇ ಚಲನೆ

ಇದನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಭಯ ಹೋಗುತ್ತದೆ. ಎರಡು ಜೋಡಿ, ಅಂದರೆ ನಾಲ್ಕು ದಾರ. ಕ್ರಾಸ್ ಅಂದರೆ ನಡುವಿನ ಎರಡರಲ್ಲಿ ಎಡದ್ದು ಬಲದ್ದರ ಮೇಲೆ ಹೋಗಬೇಕು. ಟ್ವಿಸ್ಟ್ ಅಂದರೆ ಪ್ರತಿ ಜೋಡಿಯಲ್ಲೂ ಬಲದ್ದು ಎಡದ್ದರ ಮೇಲೆ ಹೋಗಬೇಕು. ಲೇಸ್ ಎಷ್ಟೇ ಕಷ್ಟದ್ದು ಅನಿಸಿದರೂ ಒಳಗೆ ಇರುವುದು ಇವೆರಡೇ.

ಹಾಫ್ ಸ್ಟಿಚ್ ಅಂದರೆ ಕ್ರಾಸ್, ಟ್ವಿಸ್ಟ್. ಕ್ಲಾತ್ ಸ್ಟಿಚ್ ಅಂದರೆ ಕ್ರಾಸ್, ಟ್ವಿಸ್ಟ್, ಕ್ರಾಸ್. ಜಾಲರಿಯಲ್ಲಿ, ಅಂದರೆ ಆಕಾರಗಳ ನಡುವಿನ ಬಲೆಯಂಥ ಭಾಗದಲ್ಲಿ, ಹಾಫ್ ಸ್ಟಿಚ್, ಪಿನ್ನು, ಮತ್ತೆ ಹಾಫ್ ಸ್ಟಿಚ್. ಅಂದರೆ ತಪ್ಪಿನ ಬಗೆಗಳೂ ಕೆಲವೇ: ಒಂದು ಚಲನೆ ಬಿಟ್ಟಿರಬೇಕು, ಒಂದು ಜಾಸ್ತಿ ಮಾಡಿರಬೇಕು, ದಿಕ್ಕು ತಿರುಗಿಸಿರಬೇಕು, ಇಲ್ಲವೇ ಪಕ್ಕದ ಜೋಡಿ ಹಿಡಿದಿರಬೇಕು. ಪ್ರತಿಯೊಂದೂ ತನ್ನದೇ ಗುರುತು ಬಿಟ್ಟು ಹೋಗುತ್ತದೆ.

ಒಂದು ಜೋಡಿ ಕಡಿಮೆ, ಅಥವಾ ಒಂದು ಜೋಡಿ ಜಾಸ್ತಿ

ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಅಂಚಿಗೆ ಬಂದಾಗ ನಾಲ್ಕು ಜೋಡಿ ಇರಬೇಕಾದ ಕಡೆ ಮೂರೇ ಇರುತ್ತವೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಜೋಡಿ ಎಲ್ಲೂ ಕಳೆದುಹೋಗುವುದಿಲ್ಲ. ಶುರುವಿನಲ್ಲಿ ಎಷ್ಟು ತೂಗುಹಾಕಿದಿರೋ ಅಷ್ಟೂ ದಿಂಬಿನ ಮೇಲೇ ಇವೆ. ಇಲ್ಲಿ ಒಂದು ಕಡಿಮೆ ಅಂದರೆ ಎಲ್ಲೋ ಒಂದು ಜಾಸ್ತಿ ಇದೆ. ಒಟ್ಟು ಎಣಿಸಿ. ಎಣಿಕೆಯೇ ಕಡಿಮೆ ಬಂದರೆ ಬಾಬಿನ್ ದಿಂಬಿನ ಅಂಚಿನಿಂದ ಜಾರಿದೆಯೋ, ಮುಚ್ಚುಬಟ್ಟೆಯ ಕೆಳಗೆ ಸೇರಿದೆಯೋ ನೋಡಿ. ಒಟ್ಟು ಸರಿ ಇದ್ದರೆ, ಜಾಸ್ತಿ ಇರುವ ಜಾಗ ಹುಡುಕಿ. ಕಡಿಮೆ ಇರುವ ಜಾಗಕ್ಕೂ ಜಾಸ್ತಿ ಇರುವ ಜಾಗಕ್ಕೂ ನಡುವೆ, ಸ್ವಲ್ಪ ಮೇಲೆ, ತಪ್ಪು ಕೂತಿರುತ್ತದೆ.

ನಿಖರವಾಗಿ ಹಿಡಿಯಲು ಎರಡು ನಿಯಮ ಸಾಕು. ಜಾಲರಿಯ ಪ್ರತಿ ಪಿನ್ನಿಗೂ ಮೇಲಿನಿಂದ ಎರಡು ಜೋಡಿ ಬರುತ್ತವೆ, ಕೆಳಗೆ ಎರಡು ಜೋಡಿ ಹೋಗುತ್ತವೆ. ಒಂದು ಬಂದು ಎರಡು ಹೋಗುವಂತೆ ಕಂಡರೆ ಅಥವಾ ಮೂರು ಸೇರಿದಂತೆ ಕಂಡರೆ ಅಲ್ಲೇ ನಿಲ್ಲಿ. ಎರಡನೆಯದು, ಜಾಲರಿಯಲ್ಲಿ ಪ್ರತಿ ಜೋಡಿಯೂ ಓರೆಯಾಗಿ ನೇರ ಗೆರೆಯಲ್ಲಿ ಇಳಿಯುತ್ತದೆ. ಎಡಮೇಲಿನಿಂದ ಬಂದದ್ದು ಬಲಕೆಳಕ್ಕೆ ಹೋಗಲೇಬೇಕು. ಜಾಸ್ತಿ ಇರುವ ಜೋಡಿಯನ್ನು ಹಿಡಿದು ಅದರ ಓರೆ ಗೆರೆಯಲ್ಲಿ ಕಣ್ಣು ಮೇಲಕ್ಕೆ ಓಡಿಸಿ. ಗೆರೆ ಎಲ್ಲಿ ಮುರಿದು ತಿರುಗುತ್ತದೋ ಅದೇ ಜಾಗ. ಅಲ್ಲಿ ಒಂದು ಪಿನ್ನು ಹಾರಿರುತ್ತದೆ, ಅಥವಾ ಸಾಲಿನ ಆರಂಭದಲ್ಲೇ ಪಕ್ಕದ ಜೋಡಿ ಹಿಡಿದಿರುತ್ತೀರಿ.

ಕ್ಲಾತ್ ಸ್ಟಿಚ್‌ನ ವಜ್ರಾಕಾರದಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಮೇಲಿನ ಅರ್ಧದಲ್ಲಿ ಪ್ರತಿ ಪಿನ್ನಿಗೂ ಒಂದು ಜೋಡಿ ಒಳಗೆ ಸೇರುತ್ತದೆ. ಅಗಲ ಮುಗಿದ ಮೇಲೆ ಪ್ರತಿ ಪಿನ್ನಿಗೂ ಒಂದು ಹೊರಗೆ ಬಿಡಬೇಕು. ಒಳಗೆ ತರಲು ಮರೆತರೆ ಪಿನ್ನಿನ ಪಕ್ಕ ಒಂದು ಕಿಂಡಿ, ಅದರ ಹೊರಗೆ ಒಂದು ಜೋಡಿ ಸುಮ್ಮನೆ ನೇತಾಡುತ್ತಿರುತ್ತದೆ. ಬಿಡಲು ಮರೆತರೆ ವಜ್ರದ ಕೆಳಗಿನ ತುದಿ ದಪ್ಪಗಾಗಿ ಒಂದು ಬದಿಗೆ ವಾಲುತ್ತದೆ. ತಪ್ಪು ಹೆಚ್ಚಾಗಿ ಆಗುವುದು ಅತಿ ಅಗಲದ ಸಾಲಿನಲ್ಲೇ. ಅಲ್ಲಿ ಸೇರಿಸುವುದು ನಿಂತು ಬಿಡುವುದು ಶುರುವಾಗುತ್ತದಲ್ವಾ, ಕೈ ಹಳೇ ಅಭ್ಯಾಸದಲ್ಲೇ ಇನ್ನೊಂದನ್ನು ಸೇರಿಸಿಬಿಡುತ್ತದೆ. ಕಾರ್ಡಿನಲ್ಲಿ ಆ ಸಾಲಿನ ಎರಡು ತುದಿಯ ಚುಕ್ಕಿಗೆ ಕೆಂಪು ಶಾಯಿ ಹಚ್ಚಿಡಿ.

ಬಟ್ಟೆಯಂತಿರುವ ಭಾಗದಲ್ಲಿ ತಪ್ಪು

ಕ್ಲಾತ್ ಸ್ಟಿಚ್ ನಿಜವಾಗಿ ನೇಯ್ಗೆಯೇ. ಕೆಳಗೆ ಇಳಿಯುವ ಜೋಡಿಗಳು ಹಾಸು, ಅಡ್ಡ ಓಡುವ ಒಂದು ಜೋಡಿ ಹೊಕ್ಕು. ಈ ಎರಡು ಪದ ಹಿಡಿದುಕೊಂಡರೆ ಕನ್ನಡ ಓದುಗರಿಗೆ ಮುಂದಿನದು ಸುಲಭ.

ಹೊಕ್ಕಿನ ಜೋಡಿ ಎಡದಿಂದ ಬಲಕ್ಕೆ ಹೋಗುತ್ತಿದೆ ಅಂದುಕೊಳ್ಳಿ. ನಡುವೆ ಒಂದು ಕಡೆ ಟ್ವಿಸ್ಟ್ ಮರೆತು ಬರೀ ಕ್ರಾಸ್, ಕ್ರಾಸ್ ಮಾಡಿದಿರಿ. ನಡುವಿನ ಎರಡು ದಾರ ಒಂದಕ್ಕೊಂದು ಸುತ್ತಿಕೊಂಡು ಮತ್ತೆ ತಮ್ಮ ತಮ್ಮ ಜಾಗಕ್ಕೇ ಬರುತ್ತವೆ. ಜೋಡಿಗಳು ಜಾಗ ಬದಲಿಸಲೇ ಇಲ್ಲ. ಕೈಗೆ ಇದು ಗೊತ್ತಾಗುವುದಿಲ್ಲ. ಬಲಕ್ಕಿರುವುದೇ ಹೊಕ್ಕು ಅಂದುಕೊಂಡು ಮುಂದೆ ಹೋಗುತ್ತೀರಿ. ಈಗ ಲೇಸಿನಲ್ಲಿ ನೋಡಿ: ಅಡ್ಡ ಓಡುತ್ತಿದ್ದ ಜೋಡಿ ಒಂದು ಜಾಗದಲ್ಲಿ ತಟ್ಟನೆ ನಿಂತು ಕೆಳಗಿಳಿದಿದೆ, ಅಲ್ಲಿಯವರೆಗೆ ಕೆಳಗಿಳಿಯುತ್ತಿದ್ದ ಜೋಡಿ ಅಲ್ಲಿಂದ ಅಡ್ಡ ಓಡಲು ಶುರು ಮಾಡಿದೆ. ಈ ಗುರುತು ಕಂಡರೆ ಬೇರೆ ಯೋಚನೆ ಬೇಡ, ಬಿಟ್ಟಿರುವುದು ಟ್ವಿಸ್ಟ್.

ಕೊನೆಯ ಕ್ರಾಸ್ ಬಿಟ್ಟರೆ ಕಥೆ ಬೇರೆ. ಆಗ ಜೋಡಿಗಳು ಒಡೆಯುತ್ತವೆ. ಹೊಕ್ಕಿನ ಒಂದು ದಾರ ಮುಂದೆ ಹೋಗುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಉಳಿದ ಸಾಲಿನಲ್ಲಿ ಹೊಕ್ಕಾಗಿ ಓಡುವುದು ಒಂದು ಮೊದಲಿನ ಹೊಕ್ಕಿನ ದಾರ, ಒಂದು ಹಾಸಿನ ದಾರ. ಹೊಕ್ಕಿಗೆ ಬಣ್ಣದ ದಾರ ಹಾಕಿದ್ದರೆ ಎರಡು ಬಣ್ಣದ ಗೆರೆಯಲ್ಲಿ ಒಂದು ನಡುವೆಯೇ ಇಳಿದುಬಿಡುತ್ತದೆ. ದೂರದಿಂದಲೂ ಕಾಣುತ್ತದೆ.

ಮೂರನೆಯದು ದಿಕ್ಕಿನ ತಪ್ಪು. ಕ್ರಾಸ್ ಮಾಡುವಾಗ ಎಡದ್ದರ ಬದಲು ಬಲದ್ದು ಮೇಲೆ ಬಂದರೆ ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂಬ ನೇಯ್ಗೆ ಕೆಡುತ್ತದೆ. ಒಂದು ದಾರ ಒಟ್ಟಿಗೆ ಎರಡು ದಾರ ದಾಟಿರುತ್ತದೆ. ಜೋಡಿಗಳ ಎಣಿಕೆ ಸರಿಯಾಗೇ ಇರುತ್ತದೆ, ಹಾಗಾಗಿ ಲೇಸ್ ಮುಗಿದ ಮೇಲಷ್ಟೇ ಕಣ್ಣಿಗೆ ಬೀಳುವುದು. ಭೂತಗನ್ನಡಿ ಹಿಡಿದು ಪ್ರತಿ ಕೆಲವು ಸಾಲಿಗೆ ಒಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಅಂಚಿನಲ್ಲಿ ಪಿನ್ನಿನ ಸುತ್ತ ತಿರುಗುವಾಗ ಹೊಕ್ಕಿನ ಜೋಡಿಗೆ ಟ್ವಿಸ್ಟ್ ಕೊಡದಿದ್ದರೆ, ಪಿನ್ನು ತೆಗೆದ ಮೇಲೆ ಅಲ್ಲಿ ಎರಡು ದಾರ ಬೇರೆ ಬೇರೆಯಾಗಿ ಸಡಿಲ ಕುಣಿಕೆ ಆಗುತ್ತದೆ.

ಹಾಫ್ ಸ್ಟಿಚ್ ಭಾಗ

ಇದು ಜಾಲರಿಯಲ್ಲ, ಸಾಲಿಗೆ ಸಾಲೇ ಹಾಫ್ ಸ್ಟಿಚ್‌ನಲ್ಲಿ ಹೆಣೆದ ಭಾಗ. ಇಲ್ಲಿ ಜೋಡಿ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಜೋಡಿಗಳು ಪ್ರತಿ ಹೆಜ್ಜೆಗೂ ಒಡೆಯುತ್ತಲೇ ಇರುತ್ತವೆ. ಸಾಲಿನ ಈ ತುದಿಯಿಂದ ಆ ತುದಿಗೆ ಓಡುವುದು ಒಂದೇ ದಾರ. ಆ ಒಂದು ಬಾಬಿನ್‌ಗೆ ಗುರುತು ಕಟ್ಟಿ, ಒಂದು ಬಣ್ಣದ ರಬ್ಬರ್ ಸಾಕು. ಸಾಲು ಮುಗಿದಾಗ ಗುರುತಿನ ಬಾಬಿನ್ ತುದಿಯಲ್ಲೇ ಇದ್ದರೆ ಸಾಲು ಸರಿ. ನಡುವೆ ಎಲ್ಲೋ ಉಳಿದಿದ್ದರೆ ಅದು ಉಳಿದ ಜಾಗದಲ್ಲೇ ತಪ್ಪು. ಪಿನ್ನಿನ ಬಳಿ ಆ ಜೋಡಿಗೆ ಇನ್ನೊಂದು ಟ್ವಿಸ್ಟ್ ಕೊಟ್ಟರೆ ಅದೇ ದಾರ ವಾಪಸ್ ಓಡುತ್ತದೆ. ಕೊಡದಿದ್ದರೆ ಅದರ ಜೊತೆಗಾರ ಓಡುತ್ತದೆ. ಎರಡೂ ನಡೆಯುತ್ತದೆ, ಆದರೆ ಒಮ್ಮೆ ಹಾಗೆ ಒಮ್ಮೆ ಹೀಗೆ ಮಾಡಿದರೆ ಅಂಚು ಒಂದೇ ಸಮ ಬರುವುದಿಲ್ಲ.

ಜೇಡ

ನಡುವೆ ದಪ್ಪ ಹೊಟ್ಟೆ, ಎರಡೂ ಬದಿಗೆ ಕಾಲಿನಂತೆ ಚಾಚಿದ ಜೋಡಿಗಳು, ಇದೇ ಜೇಡ ಎಂಬ ಆಕಾರ. ಬದಿಗೆ ಮೂರು ಕಾಲಿನ ಜೇಡದಲ್ಲಿ ಎಡದ ಮೂರು ಜೋಡಿ ಬಲದ ಮೂರನ್ನು ಹಾದುಹೋಗಬೇಕು. ಅಂದರೆ ಪಿನ್ನಿಗೆ ಮೊದಲು 9 ಕ್ಲಾತ್ ಸ್ಟಿಚ್, ಪಿನ್ನಿನ ನಂತರ ಇನ್ನೊಂದು 9. ಮೊದಲ ಸುತ್ತಿನಲ್ಲಿ ಬದಿ ಬದಲಿಸಿದ ಕಾಲುಗಳು ಎರಡನೇ ಸುತ್ತಿನಲ್ಲಿ ತಮ್ಮ ಬದಿಗೇ ಮರಳುತ್ತವೆ. ಹೊಟ್ಟೆ ಸೊಟ್ಟಗಿದ್ದರೆ 9ರಲ್ಲಿ ಒಂದು ತಪ್ಪಿದೆ. ಹೊಟ್ಟೆ ಸರಿ ಇದ್ದು ಕಾಲು ಜೊಳ್ಳಾಗಿದ್ದರೆ ಕಾಲಿನ ಟ್ವಿಸ್ಟ್ ಎಣಿಸಿ. ಎರಡೋ ಮೂರೋ, ಮಾದರಿ ಹೇಳಿದಷ್ಟು ಎಲ್ಲ ಕಾಲಿಗೂ ಒಂದೇ ಇರಬೇಕು.

ಬಿಚ್ಚುವುದೂ ಒಂದು ಕಲೆ

ತಪ್ಪಿನ ಜಾಗ ಸಿಕ್ಕಿತು. ಅಲ್ಲಿಯವರೆಗೆ ಬಿಚ್ಚಬೇಕು. ದಾರ ಎಳೆದು ಬಿಚ್ಚಲು ಹೋಗಬೇಡಿ. ಬಂದ ದಾರಿಯಲ್ಲೇ ತಿರುಗಿ ನಡೆಯಿರಿ, ಕೊನೆಯ ಚಲನೆ ಮೊದಲು. ಕ್ರಾಸ್ ಬಿಚ್ಚಲು ನಡುವಿನ ಎರಡರಲ್ಲಿ ಬಲದ್ದನ್ನು ಎಡದ್ದರ ಮೇಲೆ ತನ್ನಿ. ಟ್ವಿಸ್ಟ್ ಬಿಚ್ಚಲು ಎಡದ್ದನ್ನು ಬಲದ್ದರ ಮೇಲೆ ತನ್ನಿ. ಹೆಣೆಯುವಾಗಿನ ನಿಯಮ ಪೂರ್ತಿ ತಿರುವುಮುರುವು. ಜಾಲರಿಯಲ್ಲಾದರೆ ಮೊದಲು ಟ್ವಿಸ್ಟ್ ಬಿಚ್ಚಿ, ಆಮೇಲೆ ಕ್ರಾಸ್, ಆಮೇಲೆ ಪಿನ್ನು ತೆಗೆಯಿರಿ, ಮತ್ತೆ ಟ್ವಿಸ್ಟ್, ಮತ್ತೆ ಕ್ರಾಸ್. ಬಿಚ್ಚುತ್ತಾ ಹೋದಂತೆ ದಾರ ಉದ್ದವಾಗುತ್ತದೆ. ಬಾಬಿನ್ ತಿರುಗಿಸಿ ಸುತ್ತಿಕೊಳ್ಳಿ. ಉದ್ದ ದಾರ ಸಿಕ್ಕಾದರೆ ಹೊಸ ಗೋಳು.

ಸರಿ ಇರುವ ಪಿನ್ನಿಗೆ ಬಂದ ಮೇಲೆ ಇನ್ನೂ ಒಂದು ಪಿನ್ನು ಹಿಂದೆ ಹೋಗಿ ಶುರು ಮಾಡಿ. ಬಿಗಿ ಮತ್ತೆ ಹಿಡಿತಕ್ಕೆ ಬರಲು ಅಷ್ಟು ಜಾಗ ಬೇಕು.

ಹೆಣಿಗೆ ಸರಿ, ಆದರೂ ಲೇಸ್ ಚೆನ್ನಾಗಿಲ್ಲ

ಇದು ಸಲಕರಣೆಯ ಕಡೆ ಬೆರಳು ತೋರಿಸುತ್ತದೆ. ಮೊದಲು ಕಾರ್ಡ್ ಅಳೆಯಿರಿ. ಮಾದರಿಯನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದಾಗ ಹಾಳೆಗೆ ಹೊಂದುವಂತೆ ಅದು ತಾನೇ ಕುಗ್ಗಿರುತ್ತದೆ. ಹತ್ತು ಚೌಕಕ್ಕೆ ಸ್ಕೇಲ್ ಇಟ್ಟು ನೋಡಿ. 2 ಮಿಲಿಮೀಟರ್ ಚೌಕ ಆಗಿದ್ದರೆ 20 ಮಿಲಿಮೀಟರ್ ಬರಲೇಬೇಕು. ಕುಗ್ಗಿದ ಕಾರ್ಡಿನಲ್ಲಿ ಅದೇ ದಾರ ಹಾಕಿದರೆ ಬಟ್ಟೆಯ ಭಾಗ ಉಬ್ಬಿ ಗಟ್ಟಿಯಾಗುತ್ತದೆ. ಕಾರ್ಡ್ ದೊಡ್ಡದಾಗಿ ದಾರ ತೆಳುವಾದರೆ ಲೇಸ್ ಜೊಳ್ಳಾಗಿ ಆಕಾರ ನಿಲ್ಲುವುದಿಲ್ಲ. ಪರೀಕ್ಷೆಗೆ ಒಂದು ಚಿಕ್ಕ ಕ್ಲಾತ್ ಸ್ಟಿಚ್ ವಜ್ರ ಹೆಣೆದು ನೋಡಿದರೆ ಸಾಕು.

ಅಂಚು ಒಳಕ್ಕೆ ಎಳೆದುಕೊಂಡಿದ್ದರೆ ಪಿನ್ನು ನೋಡಿ. ಅಂಚಿನ ಪಿನ್ನುಗಳು ಸ್ವಲ್ಪ ಹೊರಕ್ಕೂ ಹಿಂದಕ್ಕೂ ವಾಲಿರಬೇಕು. ಮುಂದಕ್ಕೆ ವಾಲಿದರೆ ಲೇಸ್ ಪಿನ್ನಿನ ಮೇಲೆ ಏರಿಬರುತ್ತದೆ. ಪಿನ್ನು ಅಲ್ಲಾಡುತ್ತಿದ್ದರೆ ದಿಂಬಿನದೇ ತೊಂದರೆ. ನಮ್ಮಲ್ಲಿ ಸುಲಭವಾಗಿ ಸಿಗುವುದು ಪ್ಯಾಕಿಂಗ್ ಥರ್ಮಾಕೋಲ್. ಅದು ಕಾಳು ಕಾಳಾಗಿ ಒಡೆದು ಒಂದೆರಡು ಲೇಸಿಗೇ ಪಿನ್ನು ಹಿಡಿಯುವುದನ್ನು ಬಿಡುತ್ತದೆ. ಗಟ್ಟಿ ಫೋಮ್ ಹಲಗೆ, ಇಲ್ಲವೇ ಒಣಹುಲ್ಲನ್ನು ಬಿಗಿಯಾಗಿ ತುಂಬಿ ಹೊಲಿದ ದಿಂಬು ಎಷ್ಟೋ ಮೇಲು. ಹುಲ್ಲಿನ ದಿಂಬಿನ ಮೇಲೆ ಯುರೋಪಿನಲ್ಲಿ ತಲೆತಲಾಂತರದಿಂದ ಲೇಸ್ ಹೆಣೆದಿದ್ದಾರೆ, ನನಗೂ ಅದರ ಹಿಡಿತವೇ ಇಷ್ಟ.

ಆಫೀಸಿನ ಗುಂಡುಸೂಜಿ ಬೇಡ. ದಪ್ಪ ಇರುತ್ತದೆ, ತುಕ್ಕೂ ಹಿಡಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಿ ಮಳೆಗಾಲದಲ್ಲಂತೂ ಬಿಳಿ ಲೇಸಿನ ಮೇಲೆ ಕಂದು ಚುಕ್ಕಿ ಕೂತುಬಿಡುತ್ತದೆ, ಆ ಕಲೆ ಹೋಗುವುದು ಕಷ್ಟ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪಿನ್ನು ತರಿಸಿಕೊಳ್ಳಿ.

ದಾರ ಬಿಚ್ಚಿಕೊಳ್ಳುತ್ತದೆ, ತುಂಡಾಗುತ್ತದೆ

ಬಾಬಿನ್ ತಾನಾಗಿ ಜಾರಿ ಉದ್ದವಾಗುತ್ತಿದ್ದರೆ ಬಾಬಿನ್ ಕುತ್ತಿಗೆಗೆ ದಾರ ಸಿಕ್ಕಿಸಿದ ಕುಣಿಕೆ ಉಲ್ಟಾ ಬಿದ್ದಿದೆ. ತೆಗೆದು ಮತ್ತೆ ಹಾಕಿ. ಜಾರುವ ದಾರವಾದರೆ ಕುಣಿಕೆಯನ್ನು ಎರಡು ಸುತ್ತು ಮಾಡಿ.

ದಾರವೇ ನೂಲು ನೂಲಾಗಿ ಬಿಡುತ್ತಿದ್ದರೆ ಕಾರಣ ಹುರಿಯಲ್ಲಿದೆ. ದಾರವನ್ನು ಎಡಕ್ಕೋ ಬಲಕ್ಕೋ ಹುರಿ ಮಾಡಿರುತ್ತಾರೆ. ದುಂಡಗಿನ ಬಾಬಿನ್ ದಿಂಬಿನ ಮೇಲೆ ಉರುಳಿದಾಗಲೆಲ್ಲ ಆ ಹುರಿ ಸ್ವಲ್ಪ ಬಿಗಿಯುತ್ತದೆ ಅಥವಾ ಸಡಿಲುತ್ತದೆ. ಬಾಬಿನ್ ಎತ್ತಿ ಗಾಳಿಯಲ್ಲಿ ತೂಗಾಡಲು ಬಿಡಿ. ಅದು ಗಿರಗಿರ ತಿರುಗಿದರೆ ಹುರಿ ಕೆಟ್ಟಿದೆ. ನಿಂತ ಮೇಲೆ ಮುಂದುವರಿಸಿ. ಇಂಗ್ಲೆಂಡಿನ ಬಾಬಿನ್‌ಗಳ ತುದಿಗೆ ಮಣಿಸರ ಕಟ್ಟುವುದು ಅಂದಕ್ಕಷ್ಟೇ ಅಲ್ಲ, ಉರುಳದೆ ನಿಲ್ಲಲೂ ಅದು ಬೇಕು.

ತುಂಡಾದರೆ ಗಾಬರಿ ಬೇಡ. ತುದಿ ಉದ್ದ ಇದ್ದರೆ ನೇಕಾರರ ಗಂಟು ಹಾಕಿ ಸದ್ಯಕ್ಕೆ ಮುಂದುವರಿಸಿ. ಆದರೆ ಗಂಟು ಲೇಸಿನೊಳಗೆ ಹೋಗಬಾರದು, ಜಾಲರಿಯಲ್ಲಂತೂ ಅದು ಎದ್ದು ಕಾಣುತ್ತದೆ. ಬಟ್ಟೆಯ ಭಾಗ ಬಂದಾಗ ಹೊಸ ದಾರವನ್ನು ಸ್ವಲ್ಪ ಹಿಂದೆ ಒಂದು ಪಿನ್ನಿಗೆ ಸಿಕ್ಕಿಸಿ, ಹಳೇ ದಾರದ ಜೊತೆ ಸೇರಿಸಿ ಎರಡನ್ನೂ ಒಂದೇ ಎಂಬಂತೆ ಕೆಲವು ಸಾಲು ಹೆಣೆಯಿರಿ. ಆಮೇಲೆ ಹಳೆಯದನ್ನು ಹಿಂದಕ್ಕೆ ಎಸೆಯಿರಿ. ತುದಿಗಳನ್ನು ಕತ್ತರಿಸುವುದು ಲೇಸ್ ದಿಂಬಿನಿಂದ ಇಳಿದ ಮೇಲೆ.

ಕಲಿಸುವವರಿಗೆ

ಸ್ಲೊವೇನಿಯಾದ ಇದ್ರಿಯಾದಲ್ಲಿ ಲೇಸ್ ಶಾಲೆ 1876ರಿಂದ ನಡೆಯುತ್ತಿದೆ. ಆ ದೇಶದ ಬಾಬಿನ್ ಲೇಸ್ 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಬೆಲ್ಜಿಯಂನಲ್ಲಿ ಹೆಣಿಗೆಯ ನಕ್ಷೆಗೆ ಬಣ್ಣ ಹಚ್ಚುತ್ತಾರೆ: ಕ್ಲಾತ್ ಸ್ಟಿಚ್‌ಗೆ ನೇರಳೆ, ಹಾಫ್ ಸ್ಟಿಚ್‌ಗೆ ಹಸಿರು, ಕ್ರಾಸ್-ಟ್ವಿಸ್ಟ್ ಎರಡು ಸಲ ಬರುವ ಹೆಣಿಗೆಗೆ ಕೆಂಪು. ತಪ್ಪು ಹುಡುಕಲು ಇಷ್ಟು ಉಪಯೋಗದ ನಕ್ಷೆ ನನಗೆ ಬೇರೆ ಗೊತ್ತಿಲ್ಲ. ಭಾಷೆ ಬಾರದವರೂ ಓದಬಹುದು, ನಮ್ಮ ಮಕ್ಕಳ ಕೈಗೂ ಕೊಡಬಹುದು.

ಪುಸ್ತಕ, ವಿಡಿಯೋ ಬೆರೆಸಿ ಕಲಿಯುವವರಲ್ಲಿ ಒಂದು ವಿಚಿತ್ರ ತೊಂದರೆ ಬರುತ್ತದೆ. ಕೈ ಸರಿ, ಎಣಿಕೆ ಸರಿ, ಆದರೂ ಮಾದರಿಗೆ ಹೊಂದುವುದಿಲ್ಲ. ಕೆಲವು ಕಡೆ ಕ್ರಾಸ್‌ನಿಂದ ಶುರು, ಕೆಲವು ಕಡೆ ಟ್ವಿಸ್ಟ್‌ನಿಂದ ಶುರು. ಇಂಗ್ಲೆಂಡಿನಲ್ಲಿ ಹಳೇ ಪದ್ಧತಿಯಂತೆ ಲೇಸಿನ ನೇರ ಅಂಚು (ಬಟ್ಟೆಗೆ ಹೊಲಿಯುವ ಬದಿ) ಬಲಕ್ಕೆ, ಯುರೋಪಿನ ಉಳಿದ ಕಡೆ ಹೆಚ್ಚಾಗಿ ಎಡಕ್ಕೆ. ಒಂದರ ಕಾರ್ಡಿಗೆ ಇನ್ನೊಂದರ ಹೆಣಿಗೆ ಹಾಕಿದರೆ ಟ್ವಿಸ್ಟ್‌ಗಳು ಒಂದು ಜಾಸ್ತಿ, ಒಂದು ಕಡಿಮೆ ಆಗುತ್ತಲೇ ಇರುತ್ತವೆ. ಒಂದು ಲೇಸ್ ಮುಗಿಯುವವರೆಗೆ ಒಂದೇ ಪದ್ಧತಿ ಹಿಡಿಯಲು ಹೇಳಿ.

ಮತ್ತೆ ದಯವಿಟ್ಟು, ಕಲಿಯುವವರ ಕೈಯಿಂದ ಬಾಬಿನ್ ಕಸಿದು ನೀವೇ ಸರಿ ಮಾಡಿಕೊಡಬೇಡಿ. ‘ಕೊನೆಗೆ ಸರಿ ಇರುವ ಪಿನ್ನು ಯಾವುದು, ತೋರಿಸಿ’ ಎಂದು ಕೇಳಿ, ಕಾಯಿರಿ. ಮೊದಲ ಲೇಸಿನಲ್ಲಿ ಪ್ರತಿ ಜೋಡಿಗೂ ಬೇರೆ ಬಣ್ಣದ ದಾರ ಸುತ್ತಿಕೊಟ್ಟರೆ ಉತ್ತರ ಅವರೇ ಹೇಳುತ್ತಾರೆ. ಬಿಚ್ಚುವುದನ್ನು ತಪ್ಪಾದಾಗ ಮಾತ್ರ ತೋರಿಸದೆ, ಸರಿ ಇರುವ ಹೆಣಿಗೆಯ ಮೇಲೇ ಒಂದು ಪಾಠವಾಗಿ ಮಾಡಿಸಿ.

ಬಿಚ್ಚಲೇಬೇಕಾ?

ಜೋಡಿ ತಪ್ಪಿದ್ದರೆ ಬಿಚ್ಚಲೇಬೇಕು, ಕೆಳಗಿನದೆಲ್ಲ ಕೆಡುತ್ತಾ ಹೋಗುತ್ತದೆ. ಹೊಕ್ಕು ಬದಲಾಗಿದ್ದರೂ ಬಿಚ್ಚುವುದೇ ಒಳ್ಳೆಯದು, ಅದರಲ್ಲೂ ಬಣ್ಣದ ದಾರ ಇದ್ದರೆ. ಜಾಲರಿಯಲ್ಲಿ ಎಲ್ಲೋ ಒಂದು ಟ್ವಿಸ್ಟ್ ಕಡಿಮೆ, ಅದೂ ಹತ್ತಾರು ಸಾಲು ಹಿಂದೆ ಅಂದರೆ ನಾನಾದರೆ ಬಿಟ್ಟು ಮುಂದೆ ಹೋಗುತ್ತೇನೆ. ಎಣಿಕೆ ಕೆಡುವುದಿಲ್ಲ, ಲೇಸಿನ ಬಲಕ್ಕೂ ತೊಂದರೆ ಇಲ್ಲ. ಅಷ್ಟು ದೂರ ಬಿಚ್ಚಿದ ದಾರ ಉಜ್ಜಿ ಉಜ್ಜಿ ನಾರೆದ್ದು, ಮತ್ತೆ ಹೆಣೆದ ಭಾಗವೇ ಮಂಕಾಗಿ ಬೇರೆ ಕಾಣುತ್ತದೆ. ಜಾತ್ರೆಗೋ ಮದುವೆಗೋ ಕೊಡಬೇಕಾದ ಕರವಸ್ತ್ರದ ಅಂಚಾದರೆ ಮಾತ್ರ, ಆ ತಪ್ಪು ಎರಡು ಸಾಲಿನೊಳಗೆ ಇದ್ದರೆ, ಬಿಚ್ಚಿ.